ಹರ್ಶೆಲ್ ಕೇಳಿದ ಜಾಗ

ಇದು ನಡೆದದ್ದು ನನ್ನ ಚಿಕ್ಕಮ್ಮನ ಮಗ ಲೋನಿಗೆ, ಕೆಂಟಕಿಯ ನಮ್ಮ ಹಿನ್ನೀರಿನ ದಡದಲ್ಲೇ. ಏಪ್ರಿಲ್ ತಿಂಗಳು. ಡಾಗ್‌ವುಡ್ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು. ರಾತ್ರಿ ಹನ್ನೊಂದು ದಾಟಿತ್ತು. ಲೋನಿ ದೋಣಿ ಕಟ್ಟಿ, ಕ್ರಾಪಿ ಮೀನು ತುಂಬಿದ ಬಕೆಟ್ಟಿಗೆ ಒದ್ದೆ ಗೋಣಿ ಹೊದಿಸಿ, ಒಬ್ಬನೇ ಏರು ಹತ್ತುತ್ತಿದ್ದ. ದಾರಿಯಲ್ಲಿ ಚರ್ಚಿನ ಹಳೆಯ ಬಾವಿ. ಅದರ ಕಟ್ಟೆಯ ಮೇಲೆ ಯಾರೋ ಕೂತಿದ್ದರು.

ಟಪ್... ಟಪ್... ಬಟ್ಟೆಯಿಂದ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು.

ನೆರೆಮನೆಯ ಹರ್ಶೆಲ್ ಪ್ರೇದರ್. ಅವರನ್ನು ಮಣ್ಣು ಮಾಡಿ ಆಗಲೇ ಐದು ವಾರವಾಗಿತ್ತು.

ಅವರು ಸತ್ತದ್ದು ಹೇಗೆಂದು ಮೊದಲು ಹೇಳಬೇಕು. ಕ್ರಾಪಿ ಬಯಲು ನೀರಿನಲ್ಲಿ ನಿಲ್ಲುವ ಮೀನಲ್ಲ. ಅದಕ್ಕೆ ಮುಳುಗಿದ ಕೊಂಬೆಗಳ ಮರೆ ಬೇಕು. ಹಾಗಾಗಿ ನಮ್ಮವರು ಚಳಿಗಾಲದಲ್ಲಿ ಸೀಡರ್ ಮರ ಕಡಿದು, ಬುಡಕ್ಕೆ ಸಿಮೆಂಟಿನ ಇಟ್ಟಿಗೆ ಕಟ್ಟಿ, ಯಾರೂ ಕಾಣದಂತೆ ನೀರಿಗೆ ಇಳಿಸುತ್ತಾರೆ. ಎಲ್ಲಿ ಎಂಬುದನ್ನು ಹೆಂಡತಿಗೂ ಹೇಳುವುದಿಲ್ಲ. ಕೇಳಿದವರಿಗೆ ಸುಳ್ಳು ಜಾಗ ಹೇಳುವುದು ನಮ್ಮಲ್ಲಿ ತಪ್ಪಲ್ಲ, ತಮಾಷೆ. ಅದು ಸುಳ್ಳೆಂದು ಕೇಳಿದವರಿಗೂ ಗೊತ್ತಿರುತ್ತದೆ.

ಹರ್ಶೆಲ್‌ಗೆ ಗೊತ್ತಿರಲಿಲ್ಲ. ಬದುಕಿಡೀ ಶಾಲೆಯ ಬಸ್ಸು ಓಡಿಸಿ, ನಿವೃತ್ತರಾದ ಮೇಲೆ ಗಾಳ ಹಿಡಿದವರು. ಗಾಳದ ಸಾಮಾನಿನ ಅಂಗಡಿಯಲ್ಲಿ ಅವರು ಕೇಳಿದಾಗ ಲೋನಿ, ದ್ವೀಪದಾಚೆ ಹಳೆಯ ಹೊಳೆಯ ತಿರುವಿಗೆ ಹೋಗಿ ಎಂದ. ಅಲ್ಲಿ ಸೆಳೆತ ಮತ್ತು ಗಾಳಿ ಬಿಟ್ಟರೆ ಏನೂ ಇಲ್ಲ. ಅಂಗಡಿಯಲ್ಲಿದ್ದವರು ಕಾಫಿ ಕಪ್ಪಿನೊಳಗೇ ನಕ್ಕರು. ಮರುದಿನ ದೋಣಿ ಮಗುಚಿತು. ಹೆಣ ಸಿಕ್ಕಿದ್ದು ಮೂರನೆಯ ದಿನ. ಅಂತ್ಯಕ್ರಿಯೆಯ ಊಟದಲ್ಲಿ ಲೋನಿ ಮತ್ತೆ ಮತ್ತೆ ಬಡಿಸಿಕೊಂಡ. ಬಾಯಿ ತುಂಬಿದ್ದರೆ ಮಾತಾಡಬೇಕಿಲ್ಲವಲ್ಲ.

ಈಗ ಕಟ್ಟೆಯಿಂದ ಪಿಸುದನಿ ಬಂತು.

"ಸಿಗ್ತಾ ಇದ್ಯಾ, ಮಗಾ?"

"ಇಲ್ಲ... ಒಂದೂ ಇಲ್ಲ."

ಗೋಣಿಯಡಿಯಲ್ಲಿ ಮೀನುಗಳು ಪಟಪಟನೆ ಬಡಿದುಕೊಂಡವು.

"ಎಲ್ಲಿಗೆ ಹೋಗಿದ್ದೆ?"

ನಾಲಗೆಗೆ ಅಭ್ಯಾಸವಾಗಿ ಹೋಗಿತ್ತು. "ಅದೇ... ಹೊಳೆ ತಿರುವಿಗೆ."

ಟಪ್... ಟಪ್...

"ನಾನೂ ಅಲ್ಲೇ ಬಾಳ ಹೊತ್ತು ಕೂತಿದ್ದೆ. ಒಂದೂ ಮುಟ್ಲಿಲ್ಲ. ನೀನು ಹೇಳಿದ್ದು ಸರಿಯಾಗೇ ಇರತ್ತೆ ಬಿಡು... ನನ್ನ ಕೈಗೇ ಈ ಕೆಲ್ಸ ಹತ್ತಲ್ಲ." ಹರ್ಶೆಲ್ ಎದ್ದರು. "ಇನ್ನೊಂದ್ಸಲ ಹೋಗಿ ನೋಡ್ತೀನಿ."

ಚಪಕ್... ಚಪಕ್... ನೀರು ತುಂಬಿದ ರಬ್ಬರ್ ಬೂಟುಗಳು ಇಳಿಜಾರಿನಲ್ಲಿ ಇಳಿದುಹೋದವು.

ಹೆದರಿಕೆಯಾಗಲಿಲ್ಲವೆಂದು ಲೋನಿ ಹೇಳುತ್ತಾನೆ. ಹೆದರಿಕೆಯಾಗಿದ್ದರೆ ಎಷ್ಟೋ ವಾಸಿಯಿತ್ತು. ಆ ಕತ್ತಲಲ್ಲಿ, ನೋಡುವವರೊಬ್ಬರೂ ಇಲ್ಲದಲ್ಲಿ, ಕಿವಿಯ ತುದಿಯವರೆಗೆ ಮುಖ ಸುಟ್ಟಿತಂತೆ. ಬೂಟಿನ ಸದ್ದು ನೀರು ಮುಟ್ಟಿದಾಗ ಬಕೆಟ್ ಕೆಳಗಿಟ್ಟು ದಡಕ್ಕೆ ಓಡಿದ.

"ಅಲ್ಲಿಗ್ ಹೋಗ್ಬೇಡಿ... ಸುಳ್ಳು ಹೇಳ್ದೆ ನಾನು. ಅವತ್ತೂ, ಈಗ್ಲೂ. ಚರ್ಚಿನ ಗೋಪುರ ನೀರಿನ ಟ್ಯಾಂಕಿನ ನೇರಕ್ಕೆ ಬರೋ ಹಾಗೆ ದೋಣಿ ನಿಲ್ಸಿ. ಹನ್ನೆರಡಡಿ ಆಳ. ಅಲ್ಲಿವೆ ನನ್ನ ಮರಗಳು."

ಆಮೇಲೆ ಬಕೆಟ್ ಎತ್ತಿಕೊಂಡು ಮನೆಗೆ ನಡೆದ.

ಬೆಳಗಾಗುತ್ತಲೇ ಅವನು ಹರ್ಶೆಲ್‌ರ ಹೆಂಡತಿ ವರ್ನಾ ಅವರ ಮನೆಗೆ ಹೋದ. ಅವರು ಹಿಂಬಾಗಿಲಲ್ಲೇ ನಿಂತಿದ್ದರು. ಬಾಗಿಲ ಮೊಳೆಗೆ ಬಿಗಿದ ಹಗ್ಗದಲ್ಲಿ, ಕಿವಿರಿನ ಮೂಲಕ ಪೋಣಿಸಿದ ಒಂಬತ್ತು ಕ್ರಾಪಿ ತೂಗುತ್ತಿದ್ದವು. ಇನ್ನೂ ಜೀವವಿತ್ತು.

"ನೀನೇ ತಾನೇ ತಂದಿಟ್ಟಿದ್ದು?" ಎಂದರು ವರ್ನಾ. "ಬೇರೆ ಯಾರು ತರ್ತಾರೆ. ಯಾರೂ ಹೇಳ್ಕೊಡದೇ ಇದ್ದಾಗ ಲೋನಿ ಒಬ್ನೇ ಜಾಗ ಹೇಳ್ಕೊಟ್ಟ ಅಂತ ಅವತ್ತು ಶಿಳ್ಳೆ ಹಾಕ್ಕೊಂಡು ಹೋದ್ರು ಅವ್ರು."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾನಲ್ಲಮ್ಮಾ," ಎಂದ ಲೋನಿ. ಟೋಪಿ ಕೈಯಲ್ಲಿ ಹಿಡಿದು, ನಿಂತಲ್ಲೇ, ಅಂಗಡಿಯ ನಗುವನ್ನೂ ಬಿಡದೆ ಎಲ್ಲವನ್ನೂ ಹೇಳಿದ. ವರ್ನಾ ಕೊನೆಯವರೆಗೆ ಕೇಳಿದರು. ಕೂರು ಎನ್ನಲಿಲ್ಲ, ಬೈಯಲೂ ಇಲ್ಲ. ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಆ ಮೀನುಗಳನ್ನು ಅವರು ನಮ್ಮ ಮನೆಗೆ ಕಳಿಸಿದರು. ಹುರುಪೆ ಹೆರೆದವನು ನಾನು. ಕ್ರಾಪಿಯ ತುಟಿ ಈರುಳ್ಳಿಯ ಸಿಪ್ಪೆಯಷ್ಟು ತೆಳು. ಗಾಳ ತಾಕಿದರೆ ಹರಿಯದೆ ಇರುವುದಿಲ್ಲ. ನೀವು ನಂಬಿದರೂ ಸರಿ, ಬಿಟ್ಟರೂ ಸರಿ... ಒಂಬತ್ತರ ಬಾಯನ್ನೂ ಬೆಳಕಿಗೆ ಹಿಡಿದು ನೋಡಿದ್ದೇನೆ. ಒಂದಕ್ಕೂ ಗಾಯವಿರಲಿಲ್ಲ.