ಹಾಜರಿ ಪುಸ್ತಕದ ನಾಲ್ಕು ಹಾಳೆ

ಇದು ಯಾರೋ ಯಾರಿಗೋ ಹೇಳಿದ್ದಲ್ಲ... ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಹಳೇ ಪುಸ್ತಕ ಬಿಚ್ಚಿ, ಹೊಲಿದು, ರಟ್ಟು ಕಟ್ಟೋದು ಅವನ ಕಸುಬು. ಯಾವಾಗ ನೋಡಿದರೂ ಹಲ್ಲಲ್ಲಿ ದಾರ ಕಚ್ಚಿಕೊಂಡಿರ್ತಾನೆ, ಅದಕ್ಕೇ ಎಲ್ಲರಿಗೂ ಅವನು ದಾರಣ್ಣ. "ಇವರ ಬಾಯಿಗೆ ದಾರ ಇದ್ದರೇ ಮನೇಲಿ ನೆಮ್ಮದಿ" ಅಂತಾಳೆ ಅವನ ಹೆಂಡತಿ.

ಆ ರಾತ್ರಿ ಹನ್ನೊಂದಾಗಿತ್ತು. ಮನೆಗೆ ಹೊರಟವನು ಶಾಲೆ ಹಿಂದಿನ ಬಾವಿ ಹತ್ತಿರ ನಿಂತ. ಒಂದು ಕೆಲಸ ಬಾಕಿ ಇತ್ತು.

ಶಾಲೆಗೆ ನೂರು ವರ್ಷ ತುಂಬ್ತಿತ್ತು. ಹಳೇ ದಾಖಲೆ ಎಲ್ಲ ಪ್ರದರ್ಶನಕ್ಕೆ ಇಡಬೇಕು, ನೆಟ್ಟಗೆ ಬೈಂಡ್ ಮಾಡಿಕೊಡು ಅಂತ ಹೆಡ್‌ಮಾಸ್ತರು ಅವನಿಗೆ ಒಪ್ಪಿಸಿದ್ದರು. ಎಂದೋ ಮುಚ್ಚಿದ ಹಾಸ್ಟೆಲ್‌ನ ದೊಡ್ಡ ಕೋಣೆಯಲ್ಲೇ ಹದಿನೈದು ದಿನದಿಂದ ಕೆಲಸ. ಅವತ್ತು ಸಂಜೆ ಹೆಡ್‌ಮಾಸ್ತರೇ ಬಂದು, ಹಾಸ್ಟೆಲ್ ಹಾಜರಿ ಪುಸ್ತಕ ತೆಗೆದು, ಒಂದು ವರ್ಷದ ನಾಲ್ಕು ಹಾಳೆ ತೋರಿಸಿದರು.

"ಇವು ಬೇಡ. ಗೊತ್ತಾಗದ ಹಾಗೆ ಕತ್ತರಿಸಿ ಬಾವಿಗೆ ಹಾಕು."

"ಯಾಕೆ ಸಾರ್?"

"ಹೇಳಿದಷ್ಟು ಮಾಡಪ್ಪ. ನಿನ್ನ ಮಗಳ ಸೀಟು ನನ್ನ ನೆನಪಲ್ಲಿದೆ."

ದಾರಣ್ಣ ಕತ್ತರಿಸಿದ. ಏನಿದೆ ಅಂತ ಓದಲೂ ಇಲ್ಲ.

ಈಗ ಬಾವಿಕಟ್ಟೆ ಹತ್ತಿರ ಚೀಲಕ್ಕೆ ಕೈ ಹಾಕಿದರೆ... ಹಾಳೆ ಇಲ್ಲ. ಮೇಜಿನ ಮೇಲೇ ಬಿಟ್ಟು ಬಂದಿದ್ದ. ತನ್ನ ಮರೆವಿಗೆ ತಾನೇ ಬೈಕೊಂಡು ವಾಪಸ್ ಹೋದ. ಬೀಗ ತೆಗೆದ, ಒಳಗೆ ಕಾಲಿಟ್ಟ, ಲೈಟು ಹಾಕಿದ. ಟ್ಯೂಬು ಟಿಣ್ ಟಿಣ್ ಅಂತ ಎರಡು ಸಲ ಕಣ್ಣು ಹೊಡೆದು ಹೊತ್ತಿಕೊಂಡಿತು.

ಹಿಂದೆ ಬಾಗಿಲು ಮುಚ್ಚಿತು. ಗಾಳಿ ಇರಲಿಲ್ಲ.

ಆಮೇಲೆ ಹೊರಗಡೆಯಿಂದ... ಕರ್ರ್ರ್... ಟಕ್. ಚಿಲಕ.

"ಯಾರ್ರೀ ಅದು? ಒಳಗೆ ನಾನಿದೀನಿ!"

ಎಳೆದ, ಒದ್ದ, ಭುಜ ಕೊಟ್ಟು ನೂಕಿದ. ಬಾಗಿಲು ಕಲ್ಲಿನ ಹಾಗೆ ನಿಂತಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು. ಫೋನ್ ಚಾರ್ಜ್ ಸಂಜೆಗೇ ಮುಗಿದಿತ್ತು. ವಾಚ್‌ಮನ್ ಮುಂದಿನ ಗೇಟಲ್ಲಿ... ಎಷ್ಟು ಕೂಗಿದರೂ ಅವನ ಕಿವಿಗೆ ಬೀಳೋ ಮಾತೇ ಇಲ್ಲ.

ಬಾಗಿಲಿಗೆ ಅಂಗೈ ಊರಿ ಸುಧಾರಿಸಿಕೊಳ್ತಿದ್ದ. ಆಗ ಕೇಳಿಸಿತು.

ಟಕ್... ಟಕ್ ಟಕ್.

"ಅಬ್ಬ, ಬಂದ್ರಾ! ತೆಗೀರಪ್ಪ ಬೇಗ."

ಟಕ್ ಟಕ್ ಟಕ್.

ಆಗ ಅವನಿಗೆ ಗೊತ್ತಾಯ್ತು. ಸದ್ದು ಹೊರಗಿನದಲ್ಲ. ಅವನ ಅಂಗೈ ಕೆಳಗೆ, ಅವನ ತೊಡೆ ಎತ್ತರದಲ್ಲಿ... ಈ ಕಡೆಯಿಂದಲೇ ಯಾರೋ ತಟ್ಟುತ್ತಿದ್ದರು. ಸಣ್ಣ ಗೆಣ್ಣುಗಳು.

ಕೆಳಗೆ ನೋಡಲಿಲ್ಲ. ನೋಡೋಕಾಗಲಿಲ್ಲ.

"ಅಣ್ಣಾ..." ಪಿಸುಮಾತು, ಒಡಕು ಗಂಟಲು. "ನಿನ್ನನ್ನೂ ಹಾಕಿದ್ರಾ?"

"ಹೂಂ..." ಅಂದ.

"ನೀರಿದೆಯಾ?"

ಚೀಲದಿಂದ ಬಾಟಲಿ ತೆಗೆದು, ಕಣ್ಣು ಮುಚ್ಚಿಕೊಂಡೇ ನೆಲಕ್ಕಿಟ್ಟ. ಗಟ ಗಟ ಗಟ... ಒಂದೇ ಉಸಿರಿಗೆ. ಆಮೇಲೆ ಬಾಟಲಿ ಉರುಳಿದ ಸದ್ದು. ಆಮೇಲೆ ಕೋಣೆ ತುಂಬ... ಮೂಲೆ ಮೂಲೆಯಿಂದ... ಒಣಗಿದ ಗಂಟಲುಗಳ ಉಸಿರು.

ಗೋಡೆ ಹಿಡಿದುಕೊಂಡು ಮೇಜಿನ ಹತ್ತಿರ ಹೋದ. ಕಣ್ಣಿಗೆ ಬಿದ್ದದ್ದು ಆ ನಾಲ್ಕು ಹಾಳೆ. ಈಗ ಓದಿದ. ಹತ್ತೊಂಬತ್ತು ಮಕ್ಕಳ ಹೆಸರು. ಪಕ್ಕದಲ್ಲಿ ವಯಸ್ಸು... ಏಳು, ಎಂಟು, ಆರು, ಒಂಬತ್ತು. ಅದರ ಪಕ್ಕ, ಎಲ್ಲರ ಮುಂದೆಯೂ ಒಂದೇ ಕೈಬರಹದಲ್ಲಿ: "ಅಂಟುಜ್ವರ. ಹೊರಗಿನಿಂದ ಚಿಲಕ ಹಾಕಲಾಗಿದೆ." ಮುಂದಿನ ಆರು ದಿನದ ಹಾಜರಿ ಖಾಲಿ. ಏಳನೇ ದಿನಕ್ಕೆ ಎಲ್ಲರ ಹೆಸರಿನ ಮೇಲೂ ಒಂದೊಂದು ಗೆರೆ.

ದಾರಣ್ಣ ಕೂತ. ಸೂಜಿಗೆ ದಾರ ಪೋಣಿಸೋಕೇ ಹತ್ತು ನಿಮಿಷ ಹಿಡೀತು... ಜನ್ಮದಲ್ಲಿ ಅವನಿಗೆ ಹಾಗಾಗಿರಲಿಲ್ಲ. ಕತ್ತರಿಸಿದ ಅಂಚಿಗೆಲ್ಲ ಕಾಗದದ ಪಟ್ಟಿ ಅಂಟಿಸಿ, ಒಂದೊಂದೇ ಹಾಳೆ ಜೋಡಿಸಿ, ಹೊಲಿದ. ಉಸಿರುಗಳು ಹತ್ತಿರ ಹತ್ತಿರ ಬಂದವು. ಕುತ್ತಿಗೆಗೆ ಬಿಸಿ ತಾಕಿತು. ಅವನು ತಿರುಗಲಿಲ್ಲ.

ಕೊನೇ ಗಂಟು ಬಿಗಿದು ದಾರ ಕಚ್ಚಿ ಹರಿದ. ಕಿಟಕಿಯಲ್ಲಿ ಬೆಳಕು ಹರೀತಿತ್ತು.

ಕರ್ರ್ರ್... ಬಾಗಿಲು ತಾನಾಗೇ ಒಂದು ಗೇಣು ಸರಿಯಿತು. ಹೊರಗೆ ಒಂದು ನರಪಿಳ್ಳೆ ಇಲ್ಲ.

ಬೆಳಿಗ್ಗೆ ಹೆಡ್‌ಮಾಸ್ತರು ಪುಸ್ತಕ ತೆರೆದು ಕೆಂಡವಾದರು. "ನಾನು ಹೇಳಿದ್ದೇನು, ನೀನು ಮಾಡಿದ್ದೇನು?"

"ನನ್ನ ಕೈಲಾಗಲ್ಲ ಸಾರ್. ಬೇಕಾದ್ರೆ ನೀವೇ ಕತ್ತರಿಸಿ. ರಾತ್ರಿ, ಆ ಕೋಣೇಲಿ ಕೂತು."

ಅವರು ಅವನ ಮುಖವನ್ನೇ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ಪುಸ್ತಕ ಮುಚ್ಚಿಟ್ಟರು. ಮಗಳ ಸೀಟು ಮಾತ್ರ ಹೋಯ್ತು. ಅವಳು ಬೇರೆ ಶಾಲೆಗೆ ಸೇರಿದಳು.

ಪ್ರದರ್ಶನದ ದಿನ ಒಬ್ಬ ಮುದುಕಿ ಬಂದರು. ಆ ಹಾಳೆಗಳ ಮುಂದೆ ನಿಂತು, ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇದನ್ನ ಜೋರಾಗಿ ಓದಪ್ಪ" ಅಂದರು. ದಾರಣ್ಣ ಓದಿದ.

"ನಮ್ಮಣ್ಣ. ಹಾಸ್ಟೆಲ್ಲಿಂದ ಓಡಿಹೋದ ಅಂತ ಹೇಳಿ ಕಳಿಸಿದ್ರು ನಮ್ಮನೆಗೆ. ನಮ್ಮಮ್ಮ ಸಾಯೋವರೆಗೂ ರಾತ್ರಿ ಬಾಗಿಲು ಹಾಕಲಿಲ್ಲ... ಬಂದರೆ ಬರಲಿ ಅಂತ."

ನೀವು ನಂಬಿ, ಬಿಡಿ. ಆ ರಾತ್ರಿ ದಾರಣ್ಣ ತೊಟ್ಟಿದ್ದ ಅಂಗಿ ಈಗಲೂ ಅವರ ಮನೇಲಿದೆ. ಬೆನ್ನ ಹಿಂದೆ, ಕೆಳಗಿನ ಅಂಚಿಗೆ, ಮಕ್ಕಳು ಮುಷ್ಟಿಯಲ್ಲಿ ಹಿಡಿದರೆ ಬೀಳುತ್ತಲ್ಲ, ಅಂಥ ನೆರಿಗೆಗಳು. ಅತ್ತಿಗೆ ಎಷ್ಟು ಸಲ ಒಗೆದರೂ ಹೋಗಿಲ್ಲ. ನಾನೇ ನೀರು ಚಿಮುಕಿಸಿ, ಬಿಸಿ ಇಸ್ತ್ರಿ ಒತ್ತಿ ಹಿಡಿದು ನೋಡಿದೀನಿ.

ಹೋಗಲ್ಲ.