ಅವಳ ಹೆಸರು ಹೊತ್ತು ಬಂದವನು

"ಹಲೋ, ಯಾರು ಮಾತಾಡೋದು?… ಹಾಂ, ಪುಟ್ಟಿ! ಹೇಳಮ್ಮ."

ಹೆಂಡತಿಯ ತಂಗಿ. ಗಡಿಯಾರ ರಿಪೇರಿಯ ಮುದುಕರು ಅಂಗಡಿಯ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದಿಟ್ಟರು.

"ಏನಂದೆ?… ಅಕ್ಕನ ಹೆಸರಲ್ಲಿ ಮೆಸೇಜಾ?… ಮಳೆಗಾಲದಲ್ಲೇ ಹೋದಳಲ್ಲಮ್ಮ ಅವಳು… ಓದು, ನೋಡೋಣ."

"… 'ಪ್ರಿಯ ಸಹೋದರಿ, ನನ್ನ ಹಾಡು ಕೇಳಲು ಇಲ್ಲಿ ಒತ್ತಿ.' ಥೂ! ಹುಟ್ಟಿದಾಗಿನಿಂದ ನಿನ್ನನ್ನ ದಡ್ಡಿ ಅಂತಲೇ ಕರೆದವಳು, ಸತ್ತ ಮೇಲೆ ಪ್ರಿಯ ಸಹೋದರಿ ಅಂತಾಳಾ?… ನಗಬೇಡ. ಅಳಲೂ ಬೇಡ. ಒತ್ತಿದೆಯಾ, ಅದನ್ನ ಹೇಳು… ಒತ್ತಿಲ್ಲ ತಾನೇ?… ದೇವರು ದೊಡ್ಡವನು."

"… ಈ ಮೆಸೇಜು ಕಳಿಸಿದವನಿಗೆ ಬಾಗಿಲು ತೆಗೆದವನು ನಾನೇ ಕಣಮ್ಮ… ಹಾಂ, ನಾನೇ. ಬೆಳಿಗ್ಗೆ ದೀಪ ಹಚ್ಚಿ ಅವಳು ಹಾಡಿಟ್ಟ ಹಾಡು ಹಾಕ್ತಿದ್ದೆನಲ್ಲ, ಅವಳ ಖಾತೆಯಿಂದ? ಹಾಡುಗಳು ಅಳಿಸಿಹೋಗ್ತವೆ, ಬೇಗ ಬಂದು ಪಾಸ್‌ವರ್ಡ್ ಕೊಡಿ ಅಂತ ಮೇಲ್ ಬಂತು. ಆ ಖಾತೆ ಕಂಪನಿಯದೇ ಹೆಸರು, ಅದೇ ಬಣ್ಣ. ವಿಳಾಸದ ಕೊನೆಗೆ ಮಾತ್ರ ಒಂದು ಬಾಲ ಅಂಟಿಸಿದ್ದರು… ನೋಡಿದೆ. ನೋಡಿಯೂ, ಕಂಪನಿಯವರದೇ ಇನ್ನೊಂದು ಬಾಗಿಲಿರಬೇಕು ಅಂದ್ಕೊಂಡು ಕೊಟ್ಟುಬಿಟ್ಟೆ."

"… ನಕಲಿ ಗಡಿಯಾರವನ್ನ ಮುಳ್ಳು ನೋಡಿಯೇ ಹಿಡೀತಿದ್ದೆ, ಅಲ್ವಾ? ಅವಳ ದನಿ ಹೋಗಿಬಿಡುತ್ತೆ ಅಂದ ಕೂಡಲೇ ಕಣ್ಣಿಗೆ ಕತ್ತಲೆ ಕಟ್ತು… ಕಳ್ಳ ಅನ್ನಬೇಡ ಅವನನ್ನ. ಕಳ್ಳನಾದರೂ ಮುಖ ಮುಚ್ಚಿಕೊಂಡು ಬರ್ತಾನೆ. ಇವನು ಸತ್ತವಳ ಮುಖ ಹಾಕ್ಕೊಂಡು ಬಂದಿದಾನೆ."

ಮುಂದಿದ್ದ ಮೊಬೈಲನ್ನು ಅವರು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಒರೆಸಿದರು.

"ಕಂಪನಿಗೆ ಹೇಳಿದೀನಿ… ಪಾಸ್‌ವರ್ಡನ್ನೇ ಬದಲಾಯಿಸಿಬಿಟ್ಟಿದಾನೆ. ಹಾಡೆಲ್ಲ ಆ ಹೊಲಸು ಕೈಯಲ್ಲಿ… ಇರಲಿ ಬಿಡು. ಅವಳು ಹಾಡಿದ್ದು ದೇವರಿಗೆ. ದೇವರು ಕೇಳಿಸಿಕೊಂಡಾಗಿದೆ."

"… ಈಗ ಅಕ್ಕನ ಹೆಸರು ಅಳಿಸು, ಬ್ಲಾಕ್ ಮಾಡು… ಏನು, ಒಂದೇ ಒಂದು ಸಲ ಹಾಡು ಕೇಳ್ತೀಯಾ? ಬೇಡ ಪುಟ್ಟಿ! ಅಲ್ಲಿ ಅಕ್ಕ ಇಲ್ಲ… ಗೊತ್ತು, ಕೈ ಬರಲ್ಲ… ಅಳಿಸಿದೆಯಾ?… ಜಾಣೆ… ನಾನಾ?… ಇಲ್ಲಮ್ಮ. ನಾನಿನ್ನೂ ಅಳಿಸಿಲ್ಲ."

ಅಷ್ಟರಲ್ಲಿ ಮೊಬೈಲು ಬೆಳಗಿತು. ಹೆಂಡತಿಯ ಹೆಸರು.

"ನನಗೂ ಬಂತು ನೋಡು. 'ಪ್ರಿಯ ಮಿತ್ರ' ಅಂತೆ! ಇಷ್ಟು ವರ್ಷ 'ರೀ' ಬಿಟ್ಟು ಬೇರೆ ಕರೆದವಳಲ್ಲ… ಇರು, ಫೋನಿಡಬೇಡ. ಒಬ್ಬನಿಂದ ಆಗೋದಿಲ್ಲ ಇದು. ನೀನು ಸುಮ್ಮನೆ ಕೇಳ್ತಿರು, ಸಾಕು."

ಹೆಬ್ಬೆರಳನ್ನು ಆ ಹೆಸರಿನ ಮೇಲೆ ಊರಿದರು. ದೇವರ ಹೆಸರು ಹೇಳಿಕೊಂಡು ಒತ್ತಿದರು.

"ಅಳಿಸಿದೆ… ಪುಟ್ಟಿ, ಅಳಿಸಿಬಿಟ್ಟೆ ಕಣಮ್ಮ… ಪುಟ್ಟೀ?… ಹಲೋ?… ಹಲೋ?"

ಲೈನು ಆಗಲೇ ಕಡಿದುಹೋಗಿತ್ತು.