ಬಾಗಿಲು ಮುಟ್ಟದ ರ‍್ಯಾಂಪ್

ವೇದಿಕೆಯ ನಡುಕುರ್ಚಿಯ ಅಧ್ಯಕ್ಷರೇ, ಇಂದು ಸನ್ಮಾನ ಪಡೆಯಲಿರುವ ವಾಸ್ತುಶಿಲ್ಪಿಗಳೇ, ಮೆಟ್ಟಿಲು ಹತ್ತಿ ಒಳಗೆ ಬರಲು ಸಾಧ್ಯವಾದ ಸಭಿಕರೇ,

ಈ ಹೊಸ ಗ್ರಂಥಾಲಯದ ಬಗ್ಗೆ ಓದುಗರ ಪರವಾಗಿ ಎರಡು ಒಳ್ಳೆಯ ಮಾತಾಡಿ ಎಂದಿದ್ದಾರೆ. ಕಿಟಕಿಗಳು ಚೆನ್ನಾಗಿವೆ. ಬೆಳಕು ಚೆನ್ನಾಗಿದೆ. ಎರಡಾಯಿತು.

ಇನ್ನು ರ‍್ಯಾಂಪ್. ಗಾಲಿಕುರ್ಚಿಯವರಿಗೆಂದೇ ಕಟ್ಟಿದ್ದು. ನುಣ್ಣಗೆ ಏರಿ, ಮುಂಬಾಗಿಲಿನ ಹೊಸ್ತಿಲಿಗಿಂತ ಮೊಣಕಾಲೆತ್ತರ ಕೆಳಗೆ ನಿಂತುಬಿಡುತ್ತದೆ. ಏಕೆಂದು ಕೇಳಲು ವಾಸ್ತುಶಿಲ್ಪಿಗಳ ಕಚೇರಿಗೇ ಹೋದೆ. ಕಂಪ್ಯೂಟರ್ ತಿರುಗಿಸಿ ನಕ್ಷೆ ತೋರಿಸಿದರು: "ನೋಡಿ ಯಜಮಾನ್ರೇ, ಮುಟ್ಟಿದೆಯಲ್ಲ!" ಮುಟ್ಟಿತ್ತು ಸ್ವಾಮಿ, ಮೇಲಿನಿಂದ ನೋಡಿದರೆ ಮುಟ್ಟಿತ್ತು. ಮೇಲಿನಿಂದಲೇ ನೋಡುವವರಿಗೆ ಬಾವಿಯೂ ಒಂದು ಬಳೆ!

ಆ ನಕ್ಷೆ ಬರೆಯುವ ತಂತ್ರಾಂಶದಲ್ಲಿ ಏನನ್ನೇ ಬರೆಯಲಿ, ಅದು ಯಾವ ಮಟ್ಟದ ಮೇಲೆ ಕೂರಬೇಕೆಂದು ಮೊದಲೇ ಹೇಳಬೇಕಂತೆ. ಅದಕ್ಕೆ ವರ್ಕ್ ಪ್ಲೇನ್ ಎನ್ನುತ್ತಾರೆ. ಮಳೆನೀರು ನುಗ್ಗೀತೆಂದು ಇವರು ಆಮೇಲೆ ನಕ್ಷೆಯಲ್ಲಿ ನೆಲ ಎತ್ತರಿಸಿದರು. ಗೋಡೆ ಎದ್ದಿತು, ಬಾಗಿಲು ಎದ್ದಿತು. ರ‍್ಯಾಂಪ್ ಮಾತ್ರ ಹಳೆಯ ವರ್ಕ್ ಪ್ಲೇನಿಗೇ ಅಂಟಿಕೊಂಡು ಕೂತಿತು. ಪಕ್ಕದಿಂದ ಒಮ್ಮೆ ನೋಡಬಾರದಿತ್ತೇ? "ಅದು ಸಾಫ್ಟ್‌ವೇರ್ ಮಾಡಿದ್ದು" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಹಳೆಯ ಗ್ರಂಥಾಲಯ ಸೋರುತ್ತಿತ್ತು, ಆದರೆ ಬೀದಿಯ ಮಟ್ಟದಲ್ಲಿತ್ತು. ನನ್ನ ಅಕ್ಕ ಗಾಲಿಕುರ್ಚಿಯಲ್ಲಿ ಕಪಾಟಿನಿಂದ ಕಪಾಟಿಗೆ ಹೋಗಿ, ನಾಲ್ಕು ಸಾಲು ಓದಿ, ಮೂಗು ಮುರಿದು, ಬೇರೆ ಪುಸ್ತಕ ಎಳೆಯುತ್ತಿದ್ದಳು. ಈಗ ನಾನು ಆರಿಸಿ ಒಯ್ಯುತ್ತೇನೆ. "ನಿನ್ನ ಆಯ್ಕೆ ನೋಡಿದ್ರೆ ನಿನಗ್ಯಾಕೆ ಮದುವೆ ಆಗ್ಲಿಲ್ಲ ಅಂತ ಗೊತ್ತಾಗುತ್ತೆ ಕಣೋ" ಎಂದು ಮೊದಮೊದಲು ಬಯ್ಯುತ್ತಿದ್ದಳು. ನಗಿ, ನಗಿ. ಮನೆಯಲ್ಲಿರುವುದು ನಾವಿಬ್ಬರೇ. ಈಚೆಗೆ ಅವಳು ಬಯ್ಯುವುದನ್ನೂ ಬಿಟ್ಟಿದ್ದಾಳೆ. ತಂದ ಪುಸ್ತಕ ತೆರೆಯುವುದೂ ಇಲ್ಲ. ಎತ್ತಿಕೊಂಡು ಹೋಗ್ತೀನಿ ಬಾ ಅಂದರೆ, "ನಾನೇನು ಮೂಟೆಯೇನೋ?"

ಹಾಂ, ಸನ್ಮಾನ. ಫಲಕ ಕೊಡುವ ಕೆಲಸವನ್ನು ನನಗೇ ವಹಿಸಿದ್ದಾರೆ. ಮೇಜಿನ ಮೇಲೆ ಹುಡುಕಬೇಡಿ ಅಧ್ಯಕ್ಷರೇ, ಅದು ಅಕ್ಕನ ತೊಡೆಯ ಮೇಲಿದೆ. ರ‍್ಯಾಂಪ್ ಎಲ್ಲಿ ಮುಗಿಯುತ್ತದೋ ಅಲ್ಲಿ ಅವಳು ಬೆಳಗಿನಿಂದ ಕೂತಿದ್ದಾಳೆ. ಒಳಗೆ ಬಂದು ಕೊಡಲು ಅವಳಿಗೆ ಆಸೆಯೇ. ವಾಸ್ತುಶಿಲ್ಪಿಗಳೇ, ನೀವೇ ದಯವಿಟ್ಟು ಹೊರಗೆ ಹೋಗಿ ತೆಗೆದುಕೊಳ್ಳಿ. ಹೊಸ್ತಿಲ ಬಳಿ ಜೋಪಾನ, ಮೇಲಿನಿಂದ ನೋಡಿದರೆ ಮಟ್ಟಸವಾಗಿಯೇ ಕಾಣುತ್ತದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ಒಳಗಿರುವ ನಿಮಗೆಲ್ಲ ಧನ್ಯವಾದ, ಹೊರಗಿರುವವಳಿಗೆ ನಮಸ್ಕಾರ.